ಗಂಗವ್ವನ ನಮಸ್ಕಾರ

ಮೊನ್ನೆ ಮುಂಜಾನೆ ಆಟೋ ಹತ್ತಿ ಕೂತೆ. ಪಕ್ಕದ ಮೇವಿನ ಅಂಗಡಿಯಿಂದ ಹತ್ತಿಕಾಳಿನ ಜಿಡ್ಡು ವಾಸನೆ ಬಂತು. ಹಳೆಯ ಗದಗ ಬಲ್ಲವರಿಗೆ ಆ ವಾಸನೆಯನ್ನು ನಾನು ವಿವರಿಸಬೇಕಿಲ್ಲ. ಈ ವಯಸ್ಸಿನಲ್ಲಿ ನೆನಪುಗಳನ್ನು ಹೊತ್ತು ತಿರುಗುವ ಸ್ಟ್ಯಾಮಿನಾ ನನಗಿಲ್ಲ. ಆದರೆ ವಾಸನೆ ಪರ್ಮಿಶನ್ ಕೇಳಿ ಬರುವುದಿಲ್ಲವಲ್ಲ.

ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ ನಮ್ಮೂರಲ್ಲಿ ಹೊಸದಾಗಿ ಶುರುವಾದಾಗ ಅಪ್ಪ ಅಲ್ಲಿ ಮ್ಯಾನೇಜರ್. ನಮ್ಮ ಕ್ವಾರ್ಟರ್ಸ್ ಆ ಕಂಪೌಂಡಿನೊಳಗೇ ಇತ್ತು. ಅಂಗಳದಲ್ಲಿ ಒಣಗಿದ ಬಟ್ಟೆಗೂ, ಕುದಿಯುವ ಸಾರಿಗೂ ಅರಳೆಯ ನವಿರು ಹಾರಿ ಬಂದು ಅಂಟುತ್ತಿತ್ತು. ಮೊದಲ ಕೆಲಸಗಾರರು ಹೆಚ್ಚಾಗಿ ಬೆಟಗೇರಿಯ ನೇಕಾರ ಮನೆಗಳ ಹೆಂಗಸರು. ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ದಿನದ ಕೆಲಸ ಹಿಡಿದವರಲ್ಲ. ಮಷೀನಿಗೂ ಅದೇ ಮರ್ಯಾದೆ. ಆದರೆ ಮಗ್ಗ ನೇಕಾರನಿಗಾಗಿ ಕಾಯುತ್ತದೆ, ಮಷೀನು ಪಾಳಿ ಬದಲಾಗುವಾಗಲೂ ತಿರುಗುತ್ತಲೇ ಇರುತ್ತಿತ್ತು. ಮಷೀನಿನ ಜೊತೆ ಬಂದ ಇಂಗ್ಲಿಷ್ ಬೋರ್ಡನ್ನು ಗೋಡೆಗೆ ಬಡಿದಿದ್ದರು. ಅದರ ಅರ್ಥ ಹೇಳಬೇಕೆಂದು ದೊಡ್ಡವರಾರಿಗೂ, ಅಪ್ಪನಿಗೂ, ತೋಚಲಿಲ್ಲ.

ಆ ಹೆಂಗಸರಲ್ಲಿ ಗಂಗವ್ವ ನನಗೆ ಅಚ್ಚುಮೆಚ್ಚು. ಒಂದು ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುತ್ತ, ಆ ಬೋರ್ಡು ತೋರಿಸಿ, "ತಂಗೆವ್ವಾ, ಕಾನ್ವೆಂಟ್ ಸಾಲಿಗೆ ಹೊಕ್ಕಿ ಅಲ್ಲ, ಅದೇನ್ ಬರದಾರ ಓದ ನೋಡೂಣು" ಅಂದಳು. ಸಿಸ್ಟರ್ ಕಲಿಸಿದ ಆಕ್ಸೆಂಟಿನಲ್ಲಿ, ಕತ್ತೆತ್ತಿ, ಗಡಗಡ ಓದಿದೆ. "ಮೇಡಮ್ ಸಾಹೇಬರು ಬಂದ್ರು! ಏಳ್ರೇ, ಚಾಪಿ ಹಾಸ್ರೇ!" ಎಂದು ಎಲ್ಲರೂ ಚಪ್ಪಾಳೆ ಹೊಡೆದರು. ತಿರುಗುವ ಮಷೀನಿನಿಂದ ಕೈ ದೂರವಿಡಿ ಎಂದಿತ್ತು. ಅರ್ಥ ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಚಪ್ಪಾಳೆಯ ಗುಂಗಿನಲ್ಲಿ ನಾನೂ ಹೇಳಲಿಲ್ಲ.

ಅದೇ ವಾರ ಗಂಗವ್ವ ಎಂದಿನಂತೆ ನಮಸ್ಕಾರಕ್ಕೆಂದು, ತಿರುಗುತ್ತಲೇ ಇದ್ದ ಮಷೀನಿನ ರೋಲರಿನತ್ತ ಬಲಗೈ ಚಾಚಿದಳು. ಎರಡು ಬೆರಳು ಹೋದವು.

ಕೆಲವು ದಿನಗಳ ಮೇಲೆ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಬಟ್ಟೆ ಸುತ್ತಿದ ಕೈ ಸೆರಗಿನೊಳಗಿತ್ತು. "ತಂಗೆವ್ವಾ, ಅವತ್ತ ಓದಿದ್ಯಲ್ಲ, ಏನಿತ್ತ ಅದ್ರಾಗ?" ಹೇಳಿದೆ. "ಹೌದನ... ಹೋಗ್ಲಿ ಬಿಡು. ಓದೂದು ಖರೆ ಚಂದ ಓದಿದ್ದಿ" ಅಂದಳು.

ಆಮೇಲೆ ಅವಳು ಫ್ಯಾಕ್ಟರಿಗೂ ಬರಲಿಲ್ಲ, ಮಗ್ಗಕ್ಕೂ ಕೂರಲಿಲ್ಲ ಎಂದು ಕೇಳಿದೆ. ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಇಂಗ್ಲಿಷ್ ‘ಸಾರಿ’ಯನ್ನು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಈಗ ಅವಳಿಲ್ಲ, ಫ್ಯಾಕ್ಟರಿಯೂ ಇಲ್ಲ.

ಆಟೋದವನು ದಿನದ ಮೊದಲ ಬಾಡಿಗೆಯೆಂದು ಹ್ಯಾಂಡಲ್ ಮುಟ್ಟಿ ಕಣ್ಣಿಗೊತ್ತಿಕೊಂಡ. ನನ್ನ ಬಲಗೈ ತಾನಾಗಿಯೇ ಸೆರಗಿನೊಳಗೆ ಸೇರಿತು.