ಹೊಳೆ ಈಚೆಗಿನ ಅಳಿಯ

ಸ್ನೇಹಿತರೇ, ಉತ್ತರ ಕರ್ನಾಟಕ ಎಲ್ಲಿಂದ ಶುರುವಾಗುತ್ತೆ ಅನ್ನೋದು ಇವತ್ತು ಬೆಳಿಗ್ಗೆ ವಿದ್ಯಾರಣ್ಯಪುರದ ಪಾರ್ಕಿನಲ್ಲಿ ಇತ್ಯರ್ಥ ಆಯ್ತು.

ನಮ್ಮ ಬಡಾವಣೆಯ ಉತ್ತರ ಕರ್ನಾಟಕ ಬಳಗದವರು ಟೇಬಲ್ ಹಾಕ್ಕೊಂಡು ಸದಸ್ಯರನ್ನ ಸೇರಿಸ್ಕೊಳ್ತಿದ್ರು. ಹೆಂಡತಿ ಜೊತೆ ಹೋದೆ.

"ಯಾವೂರ್ರೀ ನಿಮ್ದು?" ಅಂದ್ರು ಕಾರ್ಯದರ್ಶಿ.

"ಹರಿಹರ."

ಪೆನ್ನು ಕೆಳಗಿಟ್ರು. "ಹೊಳಿ ಈ ಕಡೆ ಆತಲ್ರಿ! ತುಂಗಭದ್ರಾ ದಾಟಿದ ಮ್ಯಾಲೆ ನಮ್ದು ಚಾಲೂ."

"ಸಾರ್, ಆಫೀಸಲ್ಲಿ ಹದಿನೈದು ವರ್ಷದಿಂದ ನನ್ನ ನಾರ್ತ್ ಕರ್ನಾಟಕದವನು ಅಂತ್ಲೇ ಕರೀತಾರೆ."

"ಅವರಿಗೇನ್ ಗೊತ್ರೀ? ತುಮಕೂರು ದಾಟಿದ್ರ ಎಲ್ಲಾ ಉತ್ತರನ ಅವರಿಗೆ."

ಅಷ್ಟರಲ್ಲಿ ಹೆಂಡತಿ, "ನಂದು ರಾಣೆಬೆನ್ನೂರ್ರಿ" ಅಂದ್ಲು. ನಮ್ಮೂರಿಂದ ಹೊಳೆ ದಾಟಿ ಅರ್ಧ ಗಂಟೆ ದಾರಿ. ತಕ್ಷಣ ಕುರ್ಚಿ ಬಂತು, ಅರ್ಜಿ ಬಂತು, "ಕುಂದರ್ರಿ ಅಕ್ಕಾರ" ಬಂತು.

ನನಗೆ ಹೊಟ್ಟೆ ಉರೀತು. "ತಮ್ಮದು ಯಾವೂರು ಸಾರ್?" ಅಂದೆ.

"ನಾ ಹುಟ್ಟಿ ಬೆಳದದ್ದೆಲ್ಲಾ ಯಶವಂತಪುರನ. ಅಪ್ಪಾರದು ಧಾರವಾಡ."

ಅಂದ್ರೆ ಗಡಿ ಕಾಯೋರು ಹೊಳೆ ದಾಟೋದು ಮದುವೆ-ಮುಂಜಿಗೆ ಮಾತ್ರ.

ಕೊನೆಗೆ ಅವರಿಗೇ ಮನಸ್ಸು ಕರಗ್ತು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಅಳಿಯಂದ್ರು ನಮ್ಮ ರೊಟ್ಟಿ ಊಟಕ್ಕ ಬರಾಕ ಅಡ್ಡಿಯಿಲ್ಲ."

ಆಫೀಸಿನವರು "ನಿಮ್ ಕಡೆಯವ್ರ ಮಾತು ತುಂಬಾ ಒರಟು ಗುರು" ಅಂತ ರೇಗಿಸಿದಾಗೆಲ್ಲ ಇಡೀ ಉತ್ತರ ಕರ್ನಾಟಕದ ಪರವಾಗಿ ಹದಿನೈದು ವರ್ಷ ಒಬ್ಬನೇ ಜಗಳ ಆಡಿದೀನಿ. ಮಾವನ ಮನೆ ವಿಚಾರಕ್ಕೆ ಅಳಿಯ ಅಷ್ಟೊಂದು ತಲೆ ಹಾಕಬಾರದಿತ್ತು.