ಕಾಲು ನೋಡುವ ಅಕ್ಕ

ಅವರ ಬಲಗೈಯ ಹೆಬ್ಬೆರಳು ಚಪ್ಪಟೆಯಾಗಿ, ಅಗಲವಾಗಿತ್ತು. ಆ ಬೆರಳನ್ನು ನಮ್ಮ ಪಾದದ ಗಂಟಿನ ಸುತ್ತ ಮೆಲ್ಲಗೆ ಒತ್ತುತ್ತ ಹೋಗುತ್ತಿದ್ದರು. ಕಣ್ಣು ಮಾತ್ರ ಕಾಲಿನ ಮೇಲಲ್ಲ, ನಮ್ಮ ಮುಖದ ಮೇಲೆ. "ಇಲ್ಲಿ ಉಟ್ಟಾ ನೋವು? ಇಲ್ಲಿ?" ನಾವು ಹಲ್ಲು ಕಚ್ಚಿ "ಇಲ್ಲ ಅಕ್ಕ" ಎಂದರೂ ಹುಬ್ಬು ಚೂರು ಅಲುಗಿದರೆ ಸಾಕು, ಬೆರಳು ಅಲ್ಲೇ ನಿಲ್ಲುತ್ತಿತ್ತು. "ಬಾಯಿಗೆ ಸುಳ್ಳು ಹೇಳ್ಲಿಕ್ಕೆ ಗೊತ್ತುಂಟು. ಮುಖಕ್ಕೆ ಅಷ್ಟು ಬುದ್ಧಿ ಇಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು.

'ಉಂಟು' ಎನ್ನಲು 'ಉಟ್ಟು' ಎನ್ನುವುದು ಅವರ ಮನೆಯ ಅರೆಭಾಷೆ. ಸುಳ್ಯದ ಹತ್ತಿರ ಮರ್ಕಂಜದ ಕಡೆಯ ಬೇಸಾಯಗಾರರ ಮನೆಯ ಹುಡುಗಿ. ತರಗತಿಯಲ್ಲಿ ನಮ್ಮ ಹಾಗೆಯೇ ಕನ್ನಡ, ಹಾಸ್ಟೆಲಿನಲ್ಲಿ ತುಳು. ಆದರೆ ಯಾರದಾದರೂ ಕಾಲು ಕೈಗೆ ಸಿಕ್ಕಿದ ಕೂಡಲೇ ಅವರಿಗೇ ಅರಿವಾಗದಂತೆ ಮನೆಮಾತು ಬಾಯಿಗೆ ಬರುತ್ತಿತ್ತು.

ಐವತ್ತರ ದಶಕದ ಕೊನೆಯಲ್ಲಿ ನಾನು ಸವಣೂರಿನಿಂದ ಪುತ್ತೂರಿಗೆ ಹೈಸ್ಕೂಲು ಓದಲು ಬಂದಾಗ ಅವರು ಹುಡುಗಿಯರ ಹಾಸ್ಟೆಲಿನ ಲೀಡರು. ನನಗಿಂತ ಎರಡು ತರಗತಿ ಮುಂದೆ. ಲೀಡರು ಎಂದರೆ ಗಂಜಿಗೆ ಗಂಟೆ ಹೊಡೆಯುವುದು, ದೀಪ ಆರಿಸುವುದು ಎಂದುಕೊಂಡಿದ್ದೆ. ಸೇರಿದ ವಾರವೇ ಅವರು ಓಡುವುದನ್ನು ನೋಡಿದೆ. ಎರಡು ಜಡೆಯನ್ನೂ ತಲೆಯ ಮೇಲೆ ಬಿಗಿಯಾಗಿ ಸುತ್ತಿ, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಆ ಕೆಂಪು ಮಣ್ಣಿನ ಮೈದಾನದ ಉದ್ದಕ್ಕೂ ಓಡಿದರೆ ಬೇಲಿಯ ಆಚೆ ದಾರಿಹೋಕರು ನಿಂತು ನೋಡುತ್ತಿದ್ದರು. ಕೆಲವರು ಮೆಚ್ಚಿ, ಕೆಲವರು ಮೂಗು ಮುರಿದು. ಅಕ್ಕನಿಗೆ ಎರಡರ ಪರಿವೆಯೂ ಇರಲಿಲ್ಲ.

ನನ್ನನ್ನು ಓಟಕ್ಕೆ ಎಳೆದದ್ದು ಅವರೇ. ನಾನು ನೀರು ತರಲು ಬಾವಿಕಟ್ಟೆಗೆ ಓಡಿದ್ದನ್ನು ನೋಡಿ, "ಕೊಡಪಾನ ಹಿಡಿದು ಇಷ್ಟು ಓಡುವವಳು ಬರಿಗೈಯಲ್ಲಿ ಎಷ್ಟು ಓಡಿಯಾಳು?" ಎಂದರು. ಮರುದಿನದಿಂದ ನಾನು ರಿಲೇ ಓಟದ ಕೊನೆಯವಳು. ನನಗಿಂತ ಮೊದಲು ಅಕ್ಕ. ಕೋಲನ್ನು ಅವರ ಕೈಯಿಂದ ನಾನು ತೆಗೆದುಕೊಳ್ಳಬೇಕು.

ಆ ವರ್ಷ ಮಂಗಳೂರಿನಲ್ಲಿ ಜಿಲ್ಲಾ ಮಟ್ಟದ ಆಟೋಟ. ಬೆಳಗಿನ ಓಟದಲ್ಲೇ ಅಕ್ಕನ ತೊಡೆಯ ಹಿಂಬದಿ ಹಿಡಿದುಕೊಂಡಿತು. ಅವರು ಯಾರಿಗೂ ಹೇಳದೆ ನೆರಳಿಗೆ ಹೋಗಿ ಕೂತರು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ಗಮನಿಸಿ, ಒಳ್ಳೆಯ ಮನಸ್ಸಿನಿಂದಲೇ, ಎಣ್ಣೆ ಬಿಸಿ ಮಾಡಿಸಿ ಒಬ್ಬ ಹೆಂಗಸಿನ ಕೈಯಲ್ಲಿ ಗಟ್ಟಿಯಾಗಿ ತಿಕ್ಕಿಸಿದರು. "ಈಗ ಸಡಿಲ ಆಯ್ತಲ್ಲ, ಹೋಗು" ಎಂದರು. "ಓಡ್ತೇನೆ" ಎಂದು ಅಕ್ಕ ಎದ್ದು ಹೋದರು. ಮಧ್ಯಾಹ್ನದ ರಿಲೇಯಲ್ಲಿ ಅವರು ನನ್ನ ಕಡೆಗೆ ಓಡಿ ಬರುತ್ತಿದ್ದಾರೆ, ನಾನು ಕೈ ಹಿಂದಕ್ಕೆ ಚಾಚಿ ನಿಂತಿದ್ದೇನೆ. ಇನ್ನೇನು ಬಂದರು ಎನ್ನುವಾಗ ಯಾರೋ ಹಿಂದಿನಿಂದ ಕಾಲಿಗೆ ಹೊಡೆದ ಹಾಗೆ ಮುಗ್ಗರಿಸಿ ಬಿದ್ದರು. ಬಿದ್ದಲ್ಲಿಂದಲೇ ಕೋಲನ್ನು ನನ್ನ ಕಡೆ ಚಾಚಿದರು. ಅದು ನನಗೆ ಎಟುಕಲಿಲ್ಲ.

ಆಮೇಲೆ ಅವರು ಮೊದಲಿನಂತೆ ಓಡಲೇ ಇಲ್ಲ.

ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದರು. ಅತ್ತದ್ದನ್ನು ನಾನು ನೋಡಲಿಲ್ಲ. ಒಂದು ಸಂಜೆ ಮಾತ್ರ ಚಾಪೆಯ ಮೇಲೆ ಕಾಲು ಚಾಚಿಕೊಂಡು ಕೂತು, "ಎಲ್ಲರೂ ಪಾಪ, ಪಾಪ ಅಂತ ಹೇಳುದೇ. ಒಳಗೆ ಎಂತ ಆಯ್ತು ಅಂತ ಒಬ್ಬರೂ ಹೇಳುದಿಲ್ಲ ಅಲ್ಲ?" ಎಂದರು. ಆ ದನಿಯಲ್ಲಿ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಮರುದಿನ ವಿಜ್ಞಾನದ ಮೇಷ್ಟ್ರನ್ನು ಹಿಡಿದರು. ಅವರು ಪಾಠ ಮುಗಿದ ಮೇಲೆ ಕರಿಹಲಗೆಯಲ್ಲಿ ತೊಡೆಯ ಚಿತ್ರ ಬರೆದು ಯಾವ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ತೋರಿಸಿದರು. ಅದೂ ಸಾಲದೆ ಅಕ್ಕ ಪೇಟೆಯ ಲೇಡಿ ಡಾಕ್ಟರ ಬಳಿಗೆ ಹೋದರು. ಆ ತಾಯಿ ಭಾನುವಾರಗಳಲ್ಲಿ ಅಕ್ಕನನ್ನು ಮನೆಗೆ ಕರೆದು ತನ್ನ ದಪ್ಪ ಪುಸ್ತಕದ ಚಿತ್ರಗಳನ್ನು ತೋರಿಸಿ ವಿವರಿಸುತ್ತಿದ್ದರು.

"ಇಷ್ಟು ಆಸಕ್ತಿ ಉಂಟಲ್ಲ, ಡಾಕ್ಟರಾಗು" ಎಂದರಂತೆ ಒಮ್ಮೆ.

"ನನಗೆ ಆಸ್ಪತ್ರೆ ಬೇಡ ಅಮ್ಮ. ಮೈದಾನದಲ್ಲೇ ಇರ್ಬೇಕು."

ಹೊರದೇಶಗಳಲ್ಲಿ ಆಟಗಾರರ ಮೈಕೈ ನೋಡಿಕೊಳ್ಳಲೆಂದೇ ತಂಡದ ಜೊತೆ ಒಬ್ಬರು ಇರುತ್ತಾರೆಂದು ಡಾಕ್ಟರಮ್ಮ ಹೇಳಿದರು. ನಮ್ಮ ಕಡೆ ಅದಕ್ಕೆ ಹತ್ತಿರದ ಓದೆಂದರೆ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣ, ಅಷ್ಟೆ. ಆ ದಿನ ಹಾಸ್ಟೆಲಿಗೆ ಮರಳಿದ ಅಕ್ಕನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕುಂಟುತ್ತಲೇ ಬಂದರು, ಆದರೆ ಗೋಡೆ ಹಿಡಿಯಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಅಕ್ಕ ಊರಿಗೆ ಹೋದರು. ಮನೆಯಲ್ಲಿ ಮದುವೆಯ ಮಾತು ಶುರುವಾಯಿತು. ಮದ್ರಾಸಿನ ಹೆಸರೆತ್ತಿದರೆ ಅವರ ಅಪ್ಪ, "ಓಡ್ಲಿಕ್ಕೇ ಆಗುದಿಲ್ಲ, ಇನ್ನು ಡ್ರಿಲ್ ಕಲಿಯುದು ಎಂತಕ್ಕೆ?" ಎಂದು ಎದ್ದು ಹೋಗುತ್ತಿದ್ದರಂತೆ.

ಆ ವರ್ಷ ಶಾಲೆಗಳ ನಡುವಿನ ಆಟೋಟ ಸುಳ್ಯದಲ್ಲಿ ನಡೆಯಿತು. ನಮ್ಮ ಹುಡುಗಿಯರನ್ನು ನೋಡಿಕೊಳ್ಳಲು ಬಾ ಎಂದು ನಮ್ಮ ಹಾಸ್ಟೆಲಿನ ದೊಡ್ಡ ಟೀಚರು ಅಕ್ಕನಿಗೆ ಹೇಳಿಕಳಿಸಿದ್ದರು. ಮಗಳನ್ನು ಒಬ್ಬಳನ್ನೇ ಕಳಿಸಲಾಗದೆ ಅಪ್ಪನೂ ಜೊತೆಗೆ ಬಂದರು. ಎತ್ತರದ ಆಳು, ಕಂಕುಳಲ್ಲಿ ಕೊಡೆ, ಯಾರೊಡನೆಯೂ ಮಾತಿಲ್ಲ.

ಶೀಲ್ಡು ನಮಗೆ ಬರಬೇಕಾದರೆ ಕೊನೆಯ ಓಟ ನಾನು ಗೆಲ್ಲಬೇಕಿತ್ತು. ಅದಕ್ಕೆ ಮೊದಲೇ ಉದ್ದ ಜಿಗಿತದ ಹೊಂಡದ ಅಂಚಿನಲ್ಲಿ ನನ್ನ ಕಾಲು ಹೊರಳಿತು. ಅಕ್ಕ ನೆಲಕ್ಕೆ ಕೂತು ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡರು. ಹೆಬ್ಬೆರಳು ಗಂಟಿನ ಕೆಳಗೆ ಬಂದು ನಿಂತಿತು. ಬಾವಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಕಟ್ಟಿದರು.

ದೊಡ್ಡ ಟೀಚರು ಓಡಿ ಬಂದರು. "ನಡೀತಾಳಲ್ಲ? ಒಂದೇ ಓಟ. ಆಮೇಲೆ ಬೇಕಾದಷ್ಟು ಮಲಗಲಿ."

"ನಡೀತಾಳೆ ಟೀಚರ್. ಓಡುದು ಬೇಡ."

"ಅವಳೇ ಓಡ್ತೇನೆ ಅಂತಾಳೆ."

"ನಾನೂ ಹಾಗೇ ಹೇಳಿದ್ದೆ."

ನಾನು ಗೋಗರೆದೆ, ಅತ್ತೆ, ಕಾಲು ಕೊಸರಿದೆ. ಅಕ್ಕ ಬಿಡಲಿಲ್ಲ. ನನ್ನ ಹೆಸರು ಕೂಗಿದಾಗ ಅವರೇ ಎದ್ದು ನಿಂತು ಇಲ್ಲ ಎಂದು ಕೈಯಾಡಿಸಿದರು. ಶೀಲ್ಡು ಬೇರೆ ಶಾಲೆಗೆ ಹೋಯಿತು. ಹಗ್ಗದ ಆಚೆ ನಿಂತಿದ್ದ ಜನರಲ್ಲಿ ಯಾರೋ ಕೇಳುವಂತೆಯೇ ಹೇಳಿದರು: "ತನಗೆ ಓಡ್ಲಿಕ್ಕೆ ಆಗುದಿಲ್ಲ, ಬೇರೆಯವರೂ ಓಡಬಾರದು. ಇಷ್ಟೇ ವಿಷಯ ಮಾರಾಯ್ರೆ." ಅಲ್ಲೇ ಪಕ್ಕದಲ್ಲಿ ಅಕ್ಕನ ಅಪ್ಪ ನಿಂತಿದ್ದರು.

ಅವರು ಹಗ್ಗ ದಾಟಿ ನೇರ ನಮ್ಮ ಬಳಿಗೆ ಬಂದರು. ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಹೋಗುತ್ತಾರೆ ಎಂದು ನಾನು ಹೆದರಿದೆ.

"ಈ ಹುಡುಗಿ ಓಡಿದ್ರೆ ಎಂತ ಆಗ್ತಿತ್ತು?" ಎಂದು ಕೇಳಿದರು.

"ಗಂಟಿನ ನರ ಪೂರಾ ಹರೀತಿತ್ತು ಅಪ್ಪ. ವರ್ಷಗಟ್ಟಲೆ ಕುಂಟ್ತಿದ್ಳು."

ಅಪ್ಪ ಮಗಳ ಕಾಲಿನ ಕಡೆ ನೋಡಿದರು. "ನಿನಗೆ ಅಷ್ಟು ನೋವಿತ್ತಾ?"

"ಇತ್ತು."

"ಹೇಳಲೇ ಇಲ್ಲ."

"ನೀವು ಕೇಳಲಿಲ್ಲ."

ಅದರಲ್ಲಿ ದೂರು ಇರಲಿಲ್ಲ. ಆದರೂ ಅಪ್ಪ ಮುಖ ಆಚೆ ತಿರುಗಿಸಿದರು. ಮರುವರ್ಷ ಮಂಗಳೂರಿಗೆ ಕರೆದುಕೊಂಡು ಹೋಗಿ ಮದ್ರಾಸಿನ ರೈಲು ಹತ್ತಿಸಿದ್ದು ಅವರೇ. ಸಂಬಂಧಿಕರು ಕೇಳಿದ್ದಕ್ಕೆಲ್ಲ, "ಅವಳು ಅಲ್ಲಿ ಕಾಲಿನ ವಿಷಯ ಕಲೀತಾಳೆ" ಎಂದು ಮಾತ್ರ ಹೇಳುತ್ತಿದ್ದರಂತೆ.

ರೈಲು ಹತ್ತುವ ತನಕವೂ ಅಕ್ಕ ಶನಿವಾರದ ಬಸ್ಸಿಗೆ ಪುತ್ತೂರಿಗೆ ಬಂದು ನನ್ನ ಕಾಲು ನೋಡಿ ಹೋಗುತ್ತಿದ್ದರು. ನಾನು ಮೊದಮೊದಲು ಮಾತಾಡುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವರಿಗೆ ನನ್ನ ಮಾತು ಬೇಕಿರಲಿಲ್ಲ. ಪಾದ ತಿರುಗಿಸು, ಕಾಲಿನ ಬೆರಳಲ್ಲಿ ಬಟ್ಟೆ ಹೆಕ್ಕು, ಒಂಟಿ ಕಾಲಲ್ಲಿ ನಿಲ್ಲು ಎಂದು ಮಾಡಿಸಿ ಹೊರಟುಹೋಗುತ್ತಿದ್ದರು. ಒಂದು ಶನಿವಾರ ತುದಿಗಾಲಲ್ಲಿ ನಿಂತವಳು ಅಲುಗಾಡದೆ ನಿಂತೇಬಿಟ್ಟೆ. ನನಗೆ ನಗು ಬಂತು. ಅಕ್ಕನೂ ನಕ್ಕರು. ಅಷ್ಟಕ್ಕೆ ನಮ್ಮ ಜಗಳ ಮುಗಿಯಿತು.

ಮದ್ರಾಸಿನಿಂದ ಅವರು ಬಿಳಿ ಸೀರೆ ಉಟ್ಟು, ಅದರ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು. ಕಡಬದ ಕಡೆ ಡ್ರಿಲ್ ಟೀಚರಾದರು. ನನಗೂ ಅಲ್ಲೇ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೀಚರು ಮಕ್ಕಳ ಕಾಲು ಹಿಡಿಯುತ್ತಾರೆ ಎಂಬುದೇ ಆಗ ಊರಿಗೆ ದೊಡ್ಡ ಸುದ್ದಿ. ಅದರಲ್ಲೂ ಯಾರ ಕಾಲು ಎಂದು ನೋಡುತ್ತಿರಲಿಲ್ಲ. ಮನೆಯೊಳಗೆ ಸೇರಿಸದ ಜಾತಿಯ ಹುಡುಗನೊಬ್ಬನ ಕಾಲನ್ನು ಒಮ್ಮೆ ಹಾಗೆ ಮಡಿಲಲ್ಲಿಟ್ಟುಕೊಂಡು ಪಟ್ಟಿ ಕಟ್ಟುತ್ತಿದ್ದರು. ಕೂಲಿ ಕೆಲಸದಿಂದ ಓಡಿ ಬಂದ ಅವನ ಅಜ್ಜಿ ದೂರದಲ್ಲೇ ನಿಂತು ಕೈಮುಗಿದು, "ಬಿಡಿ ಅಮ್ಮ, ನಿಮ್ಮ ಕೈಯಲ್ಲಿ ಕಾಲು ಹಿಡಿಸಿ ನಮಗೆ ಪಾಪ ಬರ್ತದೆ" ಎಂದು ಅತ್ತಳು.

"ಕಾಲು ಮುಟ್ಟದೆ ಕಾಲು ಸರಿ ಮಾಡುದು ಹೇಗೆ ಅಜ್ಜಿ? ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಾಳೆ ಮನೆಯಲ್ಲಿ ನೀವೇ ಕಟ್ಬೇಕು, ನೋಡಿ ಕಲೀರಿ."

ಅಜ್ಜಿ ಅಂಜುತ್ತಂಜುತ್ತ ಬಂದು ಅವರ ಪಕ್ಕದಲ್ಲಿ ಕೂತಳು. ಈ ವಿಷಯಕ್ಕೆ ಕೆಲವು ಮನೆಗಳಲ್ಲಿ ಅಕ್ಕನಿಗೆ ನೀರು ಕೊಡುವುದು ನಿಂತಿತು ಎಂದು ಕೇಳಿದೆ. ಅವರು ಅದನ್ನು ನನ್ನ ಬಳಿ ಯಾವತ್ತೂ ಆಡಲಿಲ್ಲ. ಬಾಯಾರಿಕೆಯಾದರೆ ನನ್ನ ಕೋಣೆಗೆ ಬರುತ್ತಿದ್ದರು.

ಅಕ್ಕ ತೀರಿಕೊಂಡು ಈಗ ಬಹಳ ವರ್ಷಗಳಾದವು. ಎಪ್ಪತ್ತು ದಾಟಿದ ನಾನು ಇವತ್ತಿಗೂ ಕೋಲಿಲ್ಲದೆ ಪೇಟೆಗೆ ನಡೆದು ಹೋಗುತ್ತೇನೆ. ಅದು ಯಾರ ಋಣ ಎಂದು ನನಗೆ ಗೊತ್ತು. ಅವರನ್ನು ನೆನೆದಾಗಲೆಲ್ಲ ಅರವತ್ತರ ದಶಕದ ಕೊನೆಯ ಒಂದು ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ. ಪುತ್ತೂರಿನಲ್ಲಿ ಆಟೋಟ. ಅಕ್ಕನ ಶಾಲೆಯ ಹುಡುಗಿಯೇ ಮೊದಲು ಬಂದಳು. ಹಾರ ತಂದರು, ಫೋಟೋದವರು ಬಂದರು, "ಡ್ರಿಲ್ ಟೀಚರ್ ಎಲ್ಲಿ, ಕರೀರಿ" ಎಂದು ಕೂಗಿದರು. ಅಕ್ಕ ಅಲ್ಲಿರಲಿಲ್ಲ. ಮೈದಾನದ ಆ ತುದಿಯಲ್ಲಿ, ಎಲ್ಲರಿಗಿಂತ ಕೊನೆಗೆ ಓಟ ಮುಗಿಸಿ ಮೀನಖಂಡ ಹಿಡಿದುಕೊಂಡು ಕುಸಿದಿದ್ದ ಸಂಪಾಜೆಯ ಕಡೆಯ ಹುಡುಗಿಯೊಬ್ಬಳ ಮುಂದೆ ಬಿಸಿಲಲ್ಲಿ ಮೊಣಕಾಲೂರಿದ್ದರು. ಬೇರೆ ಶಾಲೆಯ ಹುಡುಗಿ. ಅವಳ ಹೆಸರೂ ಅಕ್ಕನಿಗೆ ತಿಳಿಯದು. ಕರೆಯಲು ಹೋದವಳು ನಾನು.

ಹುಡುಗಿ ಬಿಕ್ಕುತ್ತ ಕೇಳುತ್ತಿದ್ದಳು: "ನಾಳೆ ಇನ್ನೊಂದು ಓಟ ಉಂಟು ಟೀಚರ್. ನಾನು ಓಡಬಹುದಾ?"

ಅಕ್ಕ ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸುತ್ತ, ಅವಳ ಮುಖವನ್ನೇ ನೋಡುತ್ತಿದ್ದರು.

"ನಾಳೆ ಬೇಡ" ಎಂದರು. "ಆದ್ರೆ ನೀನು ಓಡ್ತಿ."