ಹಳೇ ಪುಟಕ್ಕೆ ಬಂದ ಸುಲೇಪೇಟದ ಸೊಸೆ

ನನ್ನ ಮೊಮ್ಮಗಳು ಮಂದಿಗೆ ಕೆಲಸ ಕೊಡುತ್ತಾಳೆ. ಈ ಮಾತನ್ನು ಸೇಡಂನಲ್ಲಿ ಯಾರ್ಯಾರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಕೇಳಿದವರಿಗೆ ಮಾತ್ರ ಚೆನ್ನಾಗಿ ನೆನಪಿದೆ. ನಾನು ಎದುರಿಗೆ ಬಂದರೆ ಸಾಕು, ತರಕಾರಿಯವಳು ತಾನೇ ಮೊದಲು ಹೇಳಿಬಿಡುತ್ತಾಳೆ: "ಗೊತ್ತದ ಆಯಿ, ಗೊತ್ತದ. ನಿಮ್ಮ ಮೊಮ್ಮಗಳು ನೌಕ್ರಿ ಕೊಡ್ತಾಳ. ಬದನಿಕಾಯಿ ಎಷ್ಟು ಹಾಕ್ಲಿ?"

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಸ್ವಲ್ಪ, ಇಳಿದದ್ದು ಜಲ್ದಿ. ಆದರೂ ಆಕೆಯ ಆಫೀಸು ನಮ್ಮ ಪಡಸಾಲೆಯಲ್ಲೇ ಇರುವುದರಿಂದ ಕಂಪ್ಯೂಟರಿನ ಸುಖದುಃಖ ನನ್ನ ಕಿವಿಗೂ ಬೀಳುತ್ತದೆ. ಅಂಗಡಿ, ಆಸ್ಪತ್ರೆಗಳಿಗೆ ಆಕೆ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಹೀಗಿರಲು ಶಹಾಬಾದಿನಿಂದ ಒಬ್ಬ ಸಾಹುಕಾರರು ಬಂದರು. ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವವರು. ಅವರ ವೆಬ್‌ಸೈಟ್ ಅವರ ಅಪ್ಪನ ಕಾಲದಲ್ಲಿ ಮಾಡಿಸಿದ್ದು. ಈಗ ತೆರೆದರೆ ಕರಿ ಕಲ್ಲಿನ ದರ ಬಿಳಿ ಕಲ್ಲಿನ ಚಿತ್ರದ ಕೆಳಗೆ ಹೋಗಿ ಕೂತಿರುತ್ತಿತ್ತು.

"ರಿಪೇರಿ ಮಾಡ್ರಿ, ಆದ್ರ ಹೊಸಾದು ಬ್ಯಾಡ," ಎಂದರು ಸಾಹುಕಾರರು. "ನಮ್ಮ ಗಿರಾಕಿ ಕಣ್ಣು ಮುಚ್ಚಿ ಒತ್ತಿದ್ರೂ ತನಗ ಬೇಕಾದ ಕಲ್ಲಿಗೇ ಬಂದು ಮುಟ್ಟತಾನ. ಹೊಸಾದು ಮಾಡಿದ್ರ ಹುಡುಕ್ಕೋತ ಕುಂದ್ರತಾನ."

ಮೊಮ್ಮಗಳು ಹೂಂ ಅಂದಳು. ಅಂದಮೇಲೆ ಅದರ ಹಿಂದಿನ ಬರಹ ತೆರೆದು ನೋಡಿ ತಲೆ ಹಿಡಿದುಕೊಂಡಳು. ವೆಬ್‌ಸೈಟಿನ ಬೆನ್ನ ಹಿಂದೆ ಒಂದು ಗುರುತಿನ ಭಾಷೆ ಇರುತ್ತದಂತೆ, ಎಚ್‌ಟಿಎಂಎಲ್ ಎಂದು. ತಲೆಬರಹ ಎಲ್ಲಿ ಕೂಡಬೇಕು, ಚಿತ್ರ ಎಲ್ಲಿ ಕೂಡಬೇಕು ಎಂದು ಹೇಳುವುದು ಅದೇ. ಅದರ ಹಳೆಯ ಪದ್ಧತಿಯಲ್ಲಿ ಇಡೀ ಪುಟಕ್ಕೇ ಗೆರೆ ಹೊಡೆದು, ಒಂದು ಮನೆಯೊಳಗೆ ಇನ್ನೊಂದು ಮನೆ, ಅದರೊಳಗೆ ಮತ್ತೊಂದು ಮನೆ ಮಾಡಿರುತ್ತಾರೆ.

"ಕೂಡು ಕುಟುಂಬ ಅನ್ನು," ಎಂದೆ ನಾನು.

"ಹೌದು ಆಯಿ. ಒಬ್ಬರು ಸ್ವಲ್ಪ ಸರದ್ರ ಎಲ್ಲಾರೂ ಸಿಟ್ಟಾಗ್ತಾರ."

ಆ ಹಳೇ ಭಾಷೆ ಬಲ್ಲವರು ಬೇಕು ಎಂದು ಮೊಬೈಲಿನಲ್ಲಿ ಹಾಕಿದಳು. ವಾಡಿಯಿಂದ ಒಬ್ಬ ಹುಡುಗ ಬಂದ, ಚಿತ್ತಾಪುರದಿಂದ ಒಬ್ಬ ಹುಡುಗಿ ಬಂದಳು. ಇಬ್ಬರೂ ಚುರುಕು, ಇಬ್ಬರಿಗೂ ಹೊಸದೆಲ್ಲ ನೀರು ಕುಡಿದಷ್ಟು ಸಲೀಸು. ನಾನು ಮಾಡಿದ ಮಂಡಕ್ಕಿ ಸುಸಲಾವನ್ನು ಹೊಗಳಿ ತಿಂದರು. ಆಮೇಲೆ ಪುಟ ನೋಡಿ, "ಇದನ್ನ ಕಿತ್ತಿ ಹೊಸಾದು ಮಾಡೋಣ್ರಿ ಮೇಡಂ," ಎಂದರು. ಅಷ್ಟೊತ್ತಿಗೆ ಸಾಹುಕಾರರ ಫೋನೂ ಬಂತು. ಸೋಮವಾರದೊಳಗೆ ಜನ ಸಿಗದಿದ್ದರೆ ಕೆಲಸ ಹೈದರಾಬಾದಿಗೆ ಹೋಗುತ್ತದೆ ಎಂದರು. ಮೊಮ್ಮಗಳಿಗೆ ಬಂದ ಮೊದಲನೆಯ ದೊಡ್ಡ ಕೆಲಸ ಅದು. ಆಕೆ ಊಟ ಬಿಟ್ಟಳು. ನಾನು ಬಿಡಲಿಲ್ಲ, ಒಬ್ಬರಾದರೂ ಗಟ್ಟಿ ಇರಬೇಕಲ್ಲ.

ವಚನ ಹಾಡಲು ನಾವು ಹೆಂಗಸರು ಕೂಡುತ್ತೇವೆ. ಹಾಡು ಮುಗಿದದ್ದೇ ನಾನು ಎದ್ದು ನಿಂತು ಈ ಸಂಗತಿ ಹೇಳಿದೆ. ಒಬ್ಬಾಕೆ ಅಂದಳು: "ಹಳೇದೇ ಬೇಕಂದ್ರ ಸುಲೇಪೇಟದಾಗ ನಮ್ಮ ಅಕ್ಕನ ಸೊಸಿ ಇದ್ದಾಳ ನೋಡ್ರಿ. ಲಗ್ನಕ್ಕಿಂತ ಮುಂಚೆ ಕಂಪ್ಯೂಟರ್ ಸೆಂಟರಿನಾಗ ಅದನ್ನೇ ಮಾಡ್ತಿದ್ಳು."

ಶನಿವಾರ ಸೊಸೆ ಬಂದಳು. ಜೊತೆಗೆ ಅತ್ತೆಯೂ ಬಂದರು. ಸೊಸೆಗಿಂತ ಮೊದಲು ಅತ್ತೆಯೇ ಕುರ್ಚಿ ಎಳೆದುಕೊಂಡು ಕೂತು, ಫ್ಯಾನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ನಮ್ಮ ಮನೆಗೆ ಹೆಣ್ಣು ನೋಡಲು ಬಂದಂತೆ ಇತ್ತು. ನಾನು ಸೆರಗು ಸರಿ ಮಾಡಿಕೊಂಡೆ. ಮೊಮ್ಮಗಳು ಪರೀಕ್ಷೆಗೆಂದು ಸೊಸೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕಲ್ಲಿನ ಪುಟ ತೆರೆದು ಕೊಟ್ಟಳು.

"ಎಷ್ಟು ಮಂದಿ ಕೆಲಸ ಮಾಡ್ತಾರ್ರಿ ಇಲ್ಲಿ?" ಎಂದರು ಅತ್ತೆ.

"ಸದ್ಯಕ್ಕ ನನ್ನ ಮೊಮ್ಮಗಳು."

"ಮತ್ತ ನೀವು?"

"ನಾನು ಚಹಾದ ಖಾತೆ ನೋಡ್ಕೋತೀನ್ರಿ."

ಅತ್ತೆಗೆ ನಗು ಬಂತು. ನಗು ಬಂದಮೇಲೆ ಮಾತೂ ಬಂತು. "ಈಕಿ ಮನ್ಯಾಗ ಕುಂತ್ರ ನನಗ ಉಳಿಗಾಲ ಇಲ್ರಿ. ಎಲ್ಲಾ ಡಬ್ಬಿಗೂ ಚೀಟಿ ಹಚ್ಚ್ಯಾಳ. ಒಂದು ಡಬ್ಬಿ ಸರಿಸಿದ್ರ ಜವಾಬ್ ಕೇಳ್ತಾಳ."

"ಅತ್ತಿ, ಸಕ್ರಿ ಡಬ್ಬ್ಯಾಗ ಉಪ್ಪು ಹಾಕಿದವರು ಯಾರು, ಅದನ್ನೂ ಹೇಳ್ರಿ," ಎಂದಳು ಸೊಸೆ, ಕಂಪ್ಯೂಟರಿನಿಂದ ಮುಖ ಎತ್ತದೆ.

ಅತ್ತೆ ನನ್ನ ಕಡೆ ಬಾಗಿ ದನಿ ಇಳಿಸಿದರು. "ಮಕ್ಕಳು ದೊಡ್ಡವಾದ್ವು, ಹೋಗವ್ವ ಅಂದ್ರ, ನಂದು ಹಳೇದಾಯ್ತು, ಯಾರು ತಗೋತಾರ ಅಂತಾಳ್ರಿ. ನಾನೇ ದಬ್ಬಿ ಕರ್ಕೊಂಡು ಬಂದೀನಿ. ಇಲ್ಲಿ ಒಲ್ಲೆ ಅಂದ್ರ ಮತ್ತ ಹೊಸಲು ದಾಟಂಗಿಲ್ಲ ಈಕಿ."

ಮಾತಿನಲ್ಲಿ ಅಷ್ಟು ಚುರುಕಾಗಿದ್ದ ಸೊಸೆ ಒಂದೇ ಗುಂಡಿಯ ಮೇಲೆ ಎರಡು ಸಲ ಬೆರಳಿಟ್ಟು ಎರಡು ಸಲವೂ ತೆಗೆದಳು. ಏನೋ ಒತ್ತಿದಳು, ಪರದೆಯ ಮೇಲಿನ ಕಲ್ಲೆಲ್ಲ ಮಾಯವಾದವು. ಅತ್ತೆ ನನ್ನ ಮೊಣಕೈ ಹಿಡಿದರು. ಸೊಸೆ ಹಿಂದಿನ ಬರಹ ತೆರೆದು, ಅದರ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ನಡುವೆ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದಳು.

"ಇಲ್ಲಿ ನೋಡ್ರಿ ಮೇಡಂ. ಈ ಮನಿ ತೆರದಾರ, ಮುಚ್ಚೇ ಇಲ್ಲ. ಅದಕ್ಕ ಮುಂದಿನವರೆಲ್ಲಾ ಇದರಾಗೇ ನುಗ್ಗ್ಯಾರ."

ಮುಚ್ಚುವ ಗುರುತು ಹಾಕಿದಳು. ಮಾಯವಾಗಿದ್ದ ಕಲ್ಲೆಲ್ಲ ತಿರುಗಿ ಬಂದವು. ಕರಿ ಕಲ್ಲಿನ ದರ ಕರಿ ಕಲ್ಲಿನ ಕೆಳಗೆ, ಬಿಳಿಯದು ಬಿಳಿಯದರ ಕೆಳಗೆ ಬಂದು ಕೂತವು. ಮೊಮ್ಮಗಳು ಮಾತಾಡಲಿಲ್ಲ, ಮುಂದಿನ ಪುಟ ತೆಗೆದು ಕೊಟ್ಟಳು.

ನನಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. ಒಳಗೆ ಓಡಿ ಅಕ್ಕಿ, ತೆಂಗಿನಕಾಯಿ, ಖಣ, ಎಲೆ ಅಡಿಕೆ ತಂದೆ. "ಸೆರಗು ಒಡ್ಡವ್ವ" ಎಂದು ಕೂತಲ್ಲೇ ಆಕೆಯ ಉಡಿ ತುಂಬತೊಡಗಿದೆ. ನೋಡುತ್ತೇನೆ, ಅತ್ತೆಯ ಮುಖ ಬಾಡಿಹೋಗಿದೆ. ಸೊಸೆಯ ಕಣ್ಣಲ್ಲಿ ನೀರು.

"ತಿಳೀತ್ರಿ," ಎಂದು ಅತ್ತೆ ಚೀಲ ಎತ್ತಿಕೊಂಡರು. "ಬಾಯಿಲೆ ಒಲ್ಲೆ ಅನ್ನದ ಮರ್ಯಾದಿಲೆ ಕಳಸಾಕತ್ತೀರಿ. ಛಲೋ ಮಂದಿ ನೀವು. ಏಳವ್ವ, ಹೋಗೋಣು."

ಆಗ ನನ್ನ ತಲೆಗೆ ಹೊಳೆಯಿತು. ನಮ್ಮಲ್ಲಿ ಉಡಿ ತುಂಬುವುದು ಮನೆಗೆ ಬಂದ ಮುತ್ತೈದೆ ಹೊರಟು ನಿಂತಾಗ. ನಾನು ಪರೀಕ್ಷೆಯ ನಡುವೆಯೇ ಆಕೆಯನ್ನು ಊರಿಗೆ ಕಳಿಸಿಬಿಟ್ಟಿದ್ದೆ! ಕೈಯಲ್ಲಿ ಉಳಿದಿದ್ದ ಎಲೆ ಅಡಿಕೆಯನ್ನು ಬೆನ್ನ ಹಿಂದೆ ಅಡಗಿಸಿದೆ. ಮೊಮ್ಮಗಳು ಗಾಬರಿಯಿಂದ ಎದ್ದಳು.

"ಆಯಿ, ಏನು ಮಾಡಾಕತ್ತಿ ನೀನು? ಅಕ್ಕೋರೆ, ಏಳಬ್ಯಾಡ್ರಿ! ನಾನು ಸುಮ್ನಿದ್ದದ್ದು ಒಲ್ಲೆ ಅಂತಲ್ರಿ, ಉಳಿದ ಪುಟ ಎಷ್ಟು ದಿನಕ್ಕ ಮುಗಿತಾವಂತ ಲೆಕ್ಕ ಹಾಕಾಕತ್ತಿದ್ದೆ. ಇವತ್ತಿನಿಂದನೇ ನೌಕ್ರಿ ನಿಮ್ಮದು."

ತುಂಬಿದ ಉಡಿಯನ್ನು ಕೆಳಗೆ ಇಡುವ ಹಾಗಿಲ್ಲ. ಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೇ ಮುಂದಿನ ಪುಟಕ್ಕೆ ಕೂತಳು. ಬೆರಳು ಓಡಿದಂತೆ ಅಕ್ಕಿ ಕಾಳು ಒಂದೊಂದೇ ನೆಲಕ್ಕೆ ಉದುರುತ್ತಿತ್ತು. ಆಕೆ ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಮೊಮ್ಮಗಳು ಸಾಹುಕಾರರಿಗೆ ಫೋನು ಹಚ್ಚಿದಳು. ಅತ್ತೆಯೂ ತಮ್ಮ ಫೋನು ತೆಗೆದು, ಬೀದಿಗೆಲ್ಲ ಕೇಳುವ ದನಿಯಲ್ಲಿ ಊರಲ್ಲಿದ್ದ ತಮ್ಮ ಯಜಮಾನರೊಂದಿಗೆ ಮಾತಾಡಿದರು:

"ತಗೊಂಡ್ರು! ಹೂಂ, ಖರೇನೇ ತಗೊಂಡ್ರು. ಈಗ ಬರಂಗಿಲ್ರಿ, ಆಕಿ ಡ್ಯೂಟಿ ಮ್ಯಾಲೆ ಇದ್ದಾಳ. ನಾನಾ? ನಾನೂ ಬರಂಗಿಲ್ಲ. ರೊಟ್ಟಿ ನೀವೇ ಬಡ್ಕೋರಿ."